ಆಫ್ ಮಾಡಿ ಆನ್ ಮಾಡೋದಕ್ಕೂ ಸಂಬಳ ಕೊಡ್ತಾರಾ?

ದಾವಣಗೆರೆಯಲ್ಲಿ ಯಾವ ಮದುವೆಗೆ ಹೋದರೂ, ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತರೂ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಮೊನ್ನೆ ನಮ್ಮ ಸೋದರಮಾವನೂ ಕೇಳಿದ. ಕೊಡ್ತಾರೆ ಮಾವ. ಜಾಸ್ತಿ ಏನಲ್ಲ, ಆದರೆ ತಿಂಗಳು ತಿಂಗಳು ಕೊಡ್ತಾರೆ.

ನಾನು ಒಂದು ಕಂಪನಿಯ ಐಟಿ ಸಪೋರ್ಟ್‌ನಲ್ಲಿದ್ದೇನೆ. ಎಲ್1 ಅನ್ನುತ್ತಾರೆ, ಅಂದರೆ ಮೊದಲ ಮೆಟ್ಟಿಲು. ಹರಿಹರ, ಚಳ್ಳಕೆರೆ, ಹಿರಿಯೂರು, ಯಾವ ಬ್ರಾಂಚಿನಲ್ಲಿ ಏನು ಕೆಟ್ಟರೂ ಮೊದಲ ಫೋನ್ ನಮಗೆ. ಪ್ರಿಂಟರ್, ಪಾಸ್‌ವರ್ಡ್, ನೆಟ್. ನಮ್ಮ ಕೈಲಾಗದ್ದು ಬೆಂಗಳೂರಿನ ಎಲ್2ಗೆ ಹೋಗುತ್ತದೆ.

ಇನ್ನು ಆ ಆಫ್-ಆನ್ ವಿಷಯ. ಫೋನ್ ಮಾಡಿದವರಿಗೆ ರೀಸ್ಟಾರ್ಟ್ ಮಾಡಿ ಅಂದರೆ, "ದಿನಾ ರಾತ್ರಿ ಆಫ್ ಮಾಡೇ ಮನೆಗೆ ಹೋಗ್ತೀನಪ್ಪ" ಅನ್ನುತ್ತಾರೆ. ಸುಳ್ಳಲ್ಲ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್, ಅಂದರೆ ಸಿಸ್ಟಮ್ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನೋದನ್ನು ನೋಡಿದರೆ 23 ದಿನ! ವಿಂಡೋಸ್ 10, 11ರಲ್ಲಿ ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ. ಫಾಸ್ಟ್ ಸ್ಟಾರ್ಟಪ್ ಅನ್ನೋದು ಆನ್ ಇದ್ದರೆ, ಶಟ್‌ಡೌನ್ ಕೊಟ್ಟಾಗ ವಿಂಡೋಸಿನ ಒಳಗಿನ ಭಾಗ, ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಸೇವ್ ಆಗುತ್ತವೆ. ಬೆಳಿಗ್ಗೆ ಬೇಗ ಏಳಲಿ ಅಂತ. ನಿನ್ನೆಯ ಕಾಯಿಲೆಯೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನೋ ಸೈಬರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ ದಿನ. ಆಗ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಹೇಳಿದ್ದೇನು ಗೊತ್ತಾ? ರೀಸ್ಟಾರ್ಟ್ ಮಾಡಿ ನೋಡಿ, ಕೆಲವರಿಗೆ 15 ಸಲದವರೆಗೂ ಬೇಕಾಗಿದೆ ಅಂತ. ಮಾವನಿಗೆ ಇದನ್ನು ಹೇಳಿದೆ. ನಂಬಲಿಲ್ಲ.

ಹಾಗಂತ ಕಣ್ಣು ಮುಚ್ಚಿ ರೀಸ್ಟಾರ್ಟ್ ಕೊಡೋ ಹಾಗಿಲ್ಲ. ಸೇರಿದ ಮೊದಲ ವಾರ ಒಬ್ಬರ ಸಿಸ್ಟಮ್‌ಗೆ ಇಲ್ಲಿಂದಲೇ ರಿಮೋಟ್‌ನಲ್ಲಿ ರೀಸ್ಟಾರ್ಟ್ ಕೊಟ್ಟುಬಿಟ್ಟೆ. ಅವರ ಅರ್ಧ ದಿನದ ಎಕ್ಸೆಲ್ ಕೆಲಸ ಹೋಯಿತು. ಬೈಸಿಕೊಂಡೆ. ಈಗ ಯಾರೇ ಫೋನ್ ಮಾಡಲಿ, "ಸೇವ್ ಮಾಡಿದ್ರಾ ಸರ್?" ಅಂತಲೇ ಶುರು ಮಾಡುತ್ತೇನೆ.

ನಿಜವಾಗಿ ತಲೆ ಕೆಡಿಸೋದು ಅವರು ಹೇಳದೆ ಬಿಡುವ ಮಾತು. ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರದು ಪಾಸ್‌ವರ್ಡ್ ಬದಲಾಯಿಸಿದ ವಾರದಿಂದ ದಿನಾ ಅಕೌಂಟ್ ಲಾಕ್. ತಪ್ಪು ಪಾಸ್‌ವರ್ಡ್ ಮೇಲಿಂದ ಮೇಲೆ ಬಿದ್ದರೆ ಲಾಕ್ ಆಗುವಂತೆ ನಮ್ಮಲ್ಲಿ ಸೆಟ್ಟಿಂಗ್ ಇದೆ. ಮೂರು ಸಲ ತೆಗೆದುಕೊಟ್ಟೆ. ನಾಲ್ಕನೇ ಸಲ ಟೈಮ್ ನೋಡಿದೆ. ಎಲ್ಲವೂ ಸಂಜೆ ನಾಲ್ಕರ ಮೇಲೆ!

"ಬೇರೆ ಫೋನಲ್ಲಿ ಆಫೀಸ್ ಮೇಲ್ ಹಾಕಿದ್ರಾ ಮೇಡಂ?"

"ಇಲ್ಲಪ್ಪ."

"ಹಳೇ ಫೋನು?"

"ಅದಾ? ಮಗನಿಗೆ ಗೇಮ್ ಆಡೋಕೆ ಕೊಟ್ಟಿದೀನಿ."

ಹುಡುಗ ಸ್ಕೂಲಿಂದ ಬಂದು ವೈಫೈ ಆನ್ ಮಾಡುತ್ತಿದ್ದ. ಆ ಫೋನು ಹಳೇ ಪಾಸ್‌ವರ್ಡ್ ಹಿಡಿದುಕೊಂಡು ಅಮ್ಮನ ಮೇಲ್‌ನ ಬಾಗಿಲು ಬಡಿಯುತ್ತಿತ್ತು. ಅರ್ಧ ಗಂಟೆ ಮಾತು, ಎರಡು ನಿಮಿಷದ ಕೆಲಸ. ಟಿಕೆಟ್‌ನಲ್ಲಿ, ಅಂದರೆ ಆ ದೂರಿನ ದಾಖಲೆಯಲ್ಲಿ, ಬರೆದದ್ದು ಒಂದೇ ಸಾಲು: ಹಳೇ ಫೋನಿನಿಂದ ಮೇಲ್ ಅಕೌಂಟ್ ತೆಗೆಯಲಾಗಿದೆ. ಗೇಮ್ ಮುಟ್ಟಿಲ್ಲ.