ಮೆಟ್ಟುಗತ್ತಿಯ ಮುಂದೆ ಕುಳಿತ ರಾತ್ರಿ

ಶಿರಸಿ ಸೀಮೆಯಲ್ಲಿ ನವೆಂಬರ್ ಎಂದರೆ ಕೊನೆಕೊಯ್ಲಿನ, ಅಂದರೆ ಅಡಿಕೆಗೊನೆ ಇಳಿಸುವ, ಗಡಿಬಿಡಿ. ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳಲಾಗದ್ದರಿಂದ ಸಂಜೆಯಾಗುತ್ತಲೇ ಸುತ್ತಲಿನ ಹೆಂಗಸರು ನಮ್ಮ ಅಂಗಳದ ಚಪ್ಪರದಡಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಲೆಕ್ಕ ಬರೆಯುವುದು ನನ್ನ ಕೆಲಸ. ಎಲ್ಲರಿಗಿಂತ ಮೊದಲು ಡಬ್ಬ ತುಂಬಿಸುತ್ತಿದ್ದವಳೊಬ್ಬಳು ಆ ರಾತ್ರಿ ಅರ್ಧ ಡಬ್ಬವನ್ನೂ ದಾಟಿರಲಿಲ್ಲ. ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಅಡಿಕೆಯನ್ನು ಬೆರಳ ತುದಿಯಲ್ಲಷ್ಟೇ ಹಿಡಿದು, ಬಲಗೈ ಒಂದರಿಂದಲೇ ಕತ್ತಿಗೆ ಒತ್ತುತ್ತಿದ್ದಳು.

“ಎಂತ ಆಯ್ತೇ?” ಎಂದೆ.

“ಬಚ್ಚಲಲ್ಲಿ ಜಾರಿದೆ ಅಮ್ಮಾ.”

ಸಾಲಿನ ತುದಿಯಲ್ಲಿದ್ದ ಮುದುಕಿ ತಲೆ ಎತ್ತದೆಯೇ, “ಬಚ್ಚಲಲ್ಲಿ ಜಾರಿದವರಿಗೆ ಕುತ್ತಿಗೆಯಲ್ಲಿ ಬೆರಳಿನ ಗುರುತು ಬೀಳೋದಿಲ್ಲ” ಎಂದಳು. ಕತ್ತಿಗಳ ಸದ್ದೆಲ್ಲ ಒಮ್ಮೆಲೇ ನಿಂತಿತು.

ನಮಗೆ ಯಾರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಅವಳು ಮಗುವನ್ನು ಎತ್ತಿಕೊಂಡು ಇದೇ ಅಂಗಳಕ್ಕೆ ಓಡಿ ಬಂದಿದ್ದಾಗ, ಊರ ನಾಲ್ವರು ಹಿರಿಯರು ಕುಳಿತು ಗಂಡನಿಗೆ ಬುದ್ಧಿ ಹೇಳಿ, “ಇನ್ನು ಹೊಂದಿಕೊಂಡು ಹೋಗಿ” ಎಂದು ಕಳಿಸಿದ್ದರು. ಚಹಾ ಕೊಟ್ಟವಳು ನಾನು. ಜಗಳ ಬಗೆಹರಿಯಿತೆಂದು ಸಮಾಧಾನಪಟ್ಟವಳೂ ನಾನೇ. ಅಲ್ಲಿಂದಾಚೆ ಅವಳು ಯಾರಲ್ಲೂ ಬಾಯಿ ಬಿಡಲಿಲ್ಲ. ನಾವು ಅದನ್ನೇ ನೆಮ್ಮದಿ ಎಂದು ತಿಳಿದೆವು.

ಕುಡಿತದಿಂದ ಹೀಗಾಗುತ್ತದೆ ಎಂಬ ಮಾತು ಅಂದೂ ಬಂತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎಷ್ಟೇ ಕುಡಿದಿದ್ದರೂ ಅವನು ಕೂಲಿ ಕೊಡುವವರ ಮೇಲೆ ಎಂದೂ ಕೈ ಎತ್ತಿದವನಲ್ಲ. ಯಾರ ಮೇಲೆ ಎತ್ತಿದರೆ ಕೇಳುವವರಿಲ್ಲ ಎಂಬುದು ಅಮಲಿನಲ್ಲೂ ಅವನಿಗೆ ಗೊತ್ತಿತ್ತು. ಇದು ಕೂಲಿಯವರ ಮನೆಯ ಕಥೆಯೆಂದು ಭಾವಿಸುವುದೂ ತಪ್ಪು. ನಮ್ಮಂಥವರ ಮನೆಗಳು ತೋಟದ ನಡುವೆ ದೂರದೂರ ಇರುವುದರಿಂದ ಸದ್ದು ಹೊರಗೆ ಕೇಳುವುದಿಲ್ಲ, ಅಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಈ ಲೆಕ್ಕವನ್ನು ಓದಿದ ಮೇಲೆ ಚಪ್ಪರದಡಿಯ ಸಾಲನ್ನು ಎಣಿಸದೆ ಇರಲು ನನಗೆ ಆಗುತ್ತಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಮುದುಕಿ, ಅವಳು ಮತ್ತು ನಾನು ಶಿರಸಿಗೆ ಹೋದೆವು. ಮೊದಲು ಆಸ್ಪತ್ರೆಯಲ್ಲಿ ಗಾಯವನ್ನು ದಾಖಲು ಮಾಡಿಸಿದೆವು. ಆಮೇಲೆ ಹೋದ ಕಚೇರಿಯೊಂದರಲ್ಲಿ, “ಸಂಸಾರದಲ್ಲಿ ಇದೆಲ್ಲ ಇದ್ದದ್ದೇ, ಅಡ್ಜಸ್ಟ್ ಮಾಡಿಕೊಳ್ಳಿ” ಎಂಬ ಉಪದೇಶ ಸಿಕ್ಕಿತು; ಮೂರು ವರ್ಷದ ಹಿಂದಿನ ನಮ್ಮದೇ ಮಾತು ತಿರುಗಿ ಬಂದಂತಾಗಿ ನಾನು ತಲೆ ತಗ್ಗಿಸಿದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದ ಮೇಲೆ ದಾರಿ ತಿಳಿಯಿತು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅವರು ನಡೆದ ಘಟನೆಯ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುತ್ತಾರೆ.

ಅವಳು ಕೇಳಿದ್ದು ಒಂದೇ ಪ್ರಶ್ನೆ: “ನಾನು ಮನೆ ಬಿಡಬೇಕಾ?”

ಬಿಡಬೇಕಾಗಿಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಹೊಡೆಯಬಾರದೆಂಬ ಆದೇಶವನ್ನು ಗಂಡ ಮೀರಿದರೆ ಅವನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ ಕಾಯ್ದೆಯ 4ನೇ ಕಲಮು. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆದರೂ ಅಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ‘ಅವರ ಮನೆ ಸುದ್ದಿ ನಮಗೆಂತಕ್ಕೆ’ ಎಂದು ಸುಮ್ಮನಿರದೆ, ಕಳೆದ ಮೂರು ವರ್ಷದಲ್ಲಿ ಯಾವ ದಿನ ಬೇಕಾದರೂ ನಾನು ಒಂದು ಕರೆ ಮಾಡಬಹುದಾಗಿತ್ತು.

ಊರಿಗೆ ಮರಳಿದ ಮೇಲೆ ನಾವು ನಿರೀಕ್ಷಿಸದ ಕಡೆಯಿಂದ ಬಲ ಬಂತು. ಅವಳ ಗಂಡ ಕೊನೆಕೊಯ್ಲಿನ ತಂಡದಲ್ಲಿ ಹಗ್ಗ ಹಿಡಿಯುವವನು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ನಮ್ಮ ಹಿರಿಯರಂತೆ ಉಪದೇಶಕ್ಕೆ ಇಳಿಯಲಿಲ್ಲ. ತಂಡದವರೆಲ್ಲರ ಎದುರಿಗೆ, “ಇನ್ನೊಮ್ಮೆ ಅವಳ ಮೇಲೆ ಕೈ ಎತ್ತಿದೆಯೆಂದು ಕೇಳಿದರೆ ನನ್ನ ಹಗ್ಗ ಮುಟ್ಟಬೇಡ” ಎಂದನಂತೆ. ಕೋರ್ಟಿನ ಕಾಗದಕ್ಕಿಂತ ಮೊದಲು ಅವನನ್ನು ತಡೆದದ್ದು ಈ ಮಾತಿರಬೇಕು.

ವಾಯಿದೆಯಿದ್ದ ದಿನಗಳಲ್ಲಿ ಒಬ್ಬೊಬ್ಬರು ಸರದಿಯಂತೆ ಅವಳ ಜೊತೆಗೆ ಹೋದರು. ಉಳಿದವರು ಅವಳ ಪಾಲಿನ ಅಡಿಕೆಯನ್ನು ಸುಲಿದು ಅವಳ ಲೆಕ್ಕಕ್ಕೇ ಹಾಕಿಸಿದರು. ಆದೇಶ ಬಂದ ಮೇಲೂ ಅವನು ಸಂಪೂರ್ಣ ಬದಲಾಗಿದ್ದಾನೆಂದು ನಾನು ಹೇಳಲಾರೆ. ಆ ಆದೇಶದ ಒಂದು ಪ್ರತಿ ಅವಳ ತವರಿನಲ್ಲಿದೆ. ಇನ್ನೊಂದನ್ನು, “ನಮ್ಮ ಮನೆಯಲ್ಲಿದ್ದರೆ ಹರಿದಾನು” ಎಂದು ತಂದುಕೊಟ್ಟಿದ್ದಾಳೆ. ನನ್ನ ಕಪಾಟಿನಲ್ಲಿ, ಡಬ್ಬದ ಲೆಕ್ಕ ಬರೆಯುವ ಪುಸ್ತಕದೊಳಗಿದೆ.