ಕವಲಿಯೇರಿ ಉಳಿಸಿಕೊಂಡ ಗ್ಯಾನಿಮೀಡ್

ರೋಮಿನ ಕುಲೀನ ಯುವಕ ತೊಮ್ಮಾಸೊ ದೇ ಕವಲಿಯೇರಿಗೆ ಮೈಕೆಲ್ಯಾಂಜೆಲೊ 1532–33ರ ಸುಮಾರಿಗೆ ಉಡುಗೊರೆಯಾಗಿ ಬರೆದುಕೊಟ್ಟ ಗ್ರೀಕ್ ಪುರಾಣಚಿತ್ರಗಳ ವಿಷಯ ಬಂದಾಗಲೆಲ್ಲ ನನ್ನ ಮನಸ್ಸು ಮೂಲಗಳಿಗಿಂತ ಅವುಗಳ ಪ್ರತಿಗಳತ್ತ ಹೋಗುತ್ತದೆ. ದೇವರಾಜ ಜ್ಯೂಸ್‌ನ ಹದ್ದು ಹೊತ್ತೊಯ್ಯುತ್ತಿರುವ ಹುಡುಗ ಗ್ಯಾನಿಮೀಡ್, ಬಂಡೆಯ ಮೇಲೆ ಹಕ್ಕಿಯ ಕೊಕ್ಕಿಗೆ ಈಡಾದ ಟೈಟಿಯಸ್, ಸೂರ್ಯರಥದಿಂದ ಉರುಳುವ ಫೇಥನ್: ಕಪ್ಪು ಸೀಮೆಸುಣ್ಣದ ಈ ಹಾಳೆಗಳು ಯಾವ ಭಿತ್ತಿಚಿತ್ರಕ್ಕೂ ಸಿದ್ಧತೆಯಾಗಿರದೆ ತಾವೇ ಪೂರ್ಣ ಕೃತಿಗಳಾಗಿದ್ದವು.

ಒಬ್ಬನಿಗೆಂದು ಬರೆದದ್ದು ಒಬ್ಬನಲ್ಲೇ ಉಳಿಯಲಿಲ್ಲ. 1533ರ ಸೆಪ್ಟೆಂಬರಿನಲ್ಲಿ ಕವಲಿಯೇರಿ ಮೈಕೆಲ್ಯಾಂಜೆಲೊಗೆ ಬರೆದ ಪತ್ರವೊಂದು ಉಳಿದುಬಂದಿದೆ. ಚರ್ಚಿನ ಉನ್ನತ ಧರ್ಮಾಧಿಕಾರಿ ಕಾರ್ಡಿನಲ್ ಇಪ್ಪೊಲಿತೊ ದೇ ಮೆಡಿಚಿ ಚಿತ್ರಗಳನ್ನೆಲ್ಲ ನೋಡಿ ಮೆಚ್ಚಿ, ಟೈಟಿಯಸ್ ಮತ್ತು ಗ್ಯಾನಿಮೀಡ್ ಎರಡನ್ನೂ ಸ್ಫಟಿಕದಲ್ಲಿ ಕೆತ್ತಿಸಬಯಸಿದನೆಂದೂ, ಟೈಟಿಯಸನನ್ನು ತಡೆಯಲಾಗದಿದ್ದರೂ ಗ್ಯಾನಿಮೀಡನನ್ನು ಉಳಿಸಿಕೊಳ್ಳುವುದೇ ತನಗೆ ಸಾಕುಸಾಕಾಯಿತೆಂದೂ ಅವನು ಅದರಲ್ಲಿ ತಿಳಿಸುತ್ತಾನೆ. ಜೊವಾನ್ನಿ ಬೆರ್ನಾರ್ದಿ ಕೆತ್ತಿದ ಟೈಟಿಯಸ್ ಸ್ಫಟಿಕ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೂಲಚಿತ್ರ ವಿಂಡ್ಸರ್ ಅರಮನೆಯ ರಾಜಸಂಗ್ರಹದಲ್ಲಿ ಸುರಕ್ಷಿತವಾಗಿದೆ. ಅಷ್ಟು ಜತನದಿಂದ ಉಳಿಸಿಕೊಂಡ ಗ್ಯಾನಿಮೀಡನ ಮೂಲ ಯಾವುದೆಂಬ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ ಎಂಬುದು ನನ್ನನ್ನು ಪ್ರತಿಬಾರಿಯೂ ಕಲಕುತ್ತದೆ.

ಆ ಚಿತ್ರ ನಮಗೆ ದಕ್ಕಿರುವುದು ಬಹುಮಟ್ಟಿಗೆ ಪ್ರತಿಕಾರರ ಕೈಯಿಂದಲೇ. ಇಟಲಿಯ ಪ್ರಬಲ ಫಾರ್ನೇಸೆ ಮನೆತನದ ಆಶ್ರಯದಲ್ಲಿದ್ದ ಕಿರುಚಿತ್ರಕಾರ ಜೂಲಿಯೊ ಕ್ಲೋವಿಯೊ 1578ರಲ್ಲಿ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ, ಮೈಕೆಲ್ಯಾಂಜೆಲೊನನ್ನು ಅನುಸರಿಸಿ ಅವನೇ ಬರೆದ ಚಿತ್ರಗಳೂ ಸೇರಿದ್ದವು. ಕಲ್ಪನೆ ಯಾರದು, ಕೈ ಯಾರದು ಎಂದು ಎರಡನ್ನೂ ನಮೂದಿಸುವ ಈ ಪದ್ಧತಿಯಲ್ಲಿ ಮೋಸದ ಸುಳಿವಿಲ್ಲ. ಪ್ರತಿಯೆಂದು ತಿಳಿದೇ ಅದನ್ನು ಗೌರವದಿಂದ ಸಂಗ್ರಹಿಸುತ್ತಿದ್ದರು. ನಕಲು ಎಂದೊಡನೆ ಮುಖ ತಿರುಗಿಸುವ ಇಂದಿನ ನಮ್ಮ ಅಭ್ಯಾಸಕ್ಕಿಂತ ಆ ದೃಷ್ಟಿಯೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಪ್ರತಿ ತೆಗೆಯುವ ಈ ಕೆಲಸ ಸುಲಭದ್ದೂ ಅಲ್ಲ. ಹೊರರೇಖೆಯನ್ನು ಹೇಗೋ ತೆಗೆದುಕೊಳ್ಳಬಹುದು. ಆದರೆ ಚುಕ್ಕಿಯಷ್ಟು ಸಣ್ಣ ಎಳೆಗಳನ್ನು ಒತ್ತೊತ್ತಾಗಿ ಇಟ್ಟು ಮೈಕೆಲ್ಯಾಂಜೆಲೊ ಮಾಂಸಖಂಡಗಳ ಮೇಲೆ ತಂದ ನೆರಳಿನ ಏರಿಳಿತ ಎಂತಹ ಪಳಗಿದ ಕೈಗೂ ಸುಲಭವಾಗಿ ಒಲಿಯುವುದಿಲ್ಲ.

ಪ್ರತಿಗಳು ಪರಸ್ಪರ ಭಿನ್ನವಾಗಿರುವುದೂ ಉಪಯುಕ್ತವೇ. ವಿಂಡ್ಸರಿನಲ್ಲೇ ಇರುವ ಗ್ಯಾನಿಮೀಡನ ಪ್ರತಿಯಲ್ಲಿರುವುದು ಹುಡುಗ ಮತ್ತು ಹದ್ದು ಮಾತ್ರ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ, ಕೆಲವರು ಮೂಲವೆಂದೇ ನಂಬುವ ಹಾಳೆಯಲ್ಲಾದರೋ ಕೆಳಗೆ ನೆಲವಿದೆ, ಅಲ್ಲಿ ಒಂಟಿಯಾಗಿ ಉಳಿದ ಅವನ ನಾಯಿಯೂ ಇದೆ.