ಫಸ್ಟ್ ಎಡಿಷನ್ ಹುಚ್ಚು

ನಿನ್ನೆ ರಾತ್ರಿ ಒಂದು ಗಂಟೆವರೆಗೂ ಎದ್ದಿದ್ದು ಓದೋಕಲ್ಲ, ಆನ್‌ಲೈನಲ್ಲಿ ಮಾರಾಟಕ್ಕಿಟ್ಟ ಒಂದು ಪುಸ್ತಕದ ಕಾಪಿರೈಟ್ ಪೇಜ್ ಫೋಟೋನ ಝೂಮ್ ಮಾಡಿ ಮಾಡಿ ನೋಡೋಕೆ. ‘ಫಸ್ಟ್ ಎಡಿಷನ್’ ಅಂತ ಹಾಕಿದ್ರು, ಆದ್ರೆ ಕೆಳಗೆ ಎಷ್ಟನೇ ಮುದ್ರಣ ಅಂತ ತೋರಿಸೋ ಅಂಕಿಗಳ ಸಾಲಲ್ಲಿ 1, 2 ಎರಡೂ ಇಲ್ಲ, ಎಲ್ಲಕ್ಕಿಂತ ಚಿಕ್ಕದು ಅಂದ್ರೆ 3, ಅಲ್ಲಿಗೆ ಅದು ಮೂರನೇ ಮುದ್ರಣ. ಎಡಿಷನ್ ಅಂದ್ರೆ ಆವೃತ್ತಿ ಬೇರೆ, ಅದೇ ಆವೃತ್ತಿನ ಮತ್ತೆ ಮತ್ತೆ ಅಚ್ಚು ಹಾಕೋ ಪ್ರಿಂಟಿಂಗ್ ಬೇರೆ ಅನ್ನೋದು ನಂಗೂ ಒಂದ್ಸಲ ದುಡ್ಡು ಕಳ್ಕೊಂಡ ಮೇಲೇ ತಲೆಗೆ ಹೋಗಿದ್ದು ಬಿಡಿ.

ತುಂಬ ಹಳೇ ಪುಸ್ತಕಗಳಲ್ಲಿ ಆ ಸಾಲೂ ಇರಲ್ಲ, ಮೊದಲ ಮುದ್ರಣ ಅಂತ ಗುರುತಿಸೋಕೆ ಅಚ್ಚಿನ ತಪ್ಪುಗಳನ್ನೇ ಹಿಡ್ಕೊಂಡು ಹೋಗ್ಬೇಕು. ಟೋಲ್ಕಿನ್ ಬರೆದ 1937ರ ಕಾದಂಬರಿ ‘ದ ಹಾಬಿಟ್’ ಮೊದಲ ಮುದ್ರಣ ಬರೀ 1500 ಪ್ರತಿ, ಅದರ ಜಾಕೆಟ್, ಅಂದ್ರೆ ಹೊರಗಿನ ಕಾಗದದ ಹೊದಿಕೆ, ಅದರ ಹಿಂದಿನ ಒಳಮಡಿಕೇಲಿ ಡಾಜ್‌ಸನ್ ಅನ್ನೋ ಹೆಸರಿಗೆ ಜಾಸ್ತಿ ಬಿದ್ದ ಒಂದು ಅಕ್ಷರನ ಕೈಯಲ್ಲೇ ಇಂಕಿಂದ ಹೊಡೆದು ಹಾಕಿದ್ರು, ಈಗ ಜನ ಹುಡುಕೋದು ಅದೇ ಗೀಟನ್ನ! ಪ್ರೂಫ್ ನೋಡಿದೋರು ಅವತ್ತು ಎಷ್ಟು ಬೈಸ್ಕೊಂಡಿದ್ರೋ ಪಾಪ.

ನನ್ ಹತ್ರ ಅಂಥದ್ದೇನಿಲ್ಲ. ನನ್ನಿಷ್ಟದ ಲೇಖಕರ ಮೊದಲ ಕಥಾಸಂಕಲನ ಇದೆ, ಜಾಕೆಟ್ ಇಲ್ಲ, ಬೆನ್ನು ಬಿಸಿಲಿಗೆ ಬಣ್ಣ ಬಿಟ್ಟಿದೆ, ಹಾಳೆ ತುಂಬ ಕಂದು ಚುಕ್ಕೆ, ಮೇಲೆ ಲೈಬ್ರರಿ ಸೀಲ್ ಬೇರೆ. ಕಲೆಕ್ಟರ್‌ಗಳು ಮೂಗು ಮುರೀತಾರೆ. ಆದ್ರೆ 47ನೇ ಪುಟದ ಅಂಚಲ್ಲಿ ಯಾರೋ ಪೆನ್ಸಿಲಲ್ಲಿ ಸಣ್ಣಕ್ಕೆ ‘ಇಲ್ಲಿ ಅಳು ಬಂತು’ ಅಂತ ಬರ್ದಿದಾರೆ, ಮತ್ತೆ ಆ ಪ್ಯಾರಾ ಆಮೇಲಿನ ಎಡಿಷನ್‌ಗಳಲ್ಲಿ ಇಲ್ವೇ ಇಲ್ಲ, ಲೇಖಕರೇ ತೆಗೆದುಬಿಟ್ಟಿದಾರೆ.

ಜಾಕೆಟ್ ಇರೋ ಪ್ರತಿ ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಹೇಳ್ರಪ್ಪ. ಇದನ್ನಂತೂ ಕೊಡಲ್ಲ.